ಚೀಟಿಯಲ್ಲೊಂದು ಹೆಸರು, ಬೋರ್ಡಿನಲ್ಲಿನ್ನೊಂದು

ಆಸ್ಪತ್ರೆಯಲ್ಲಿ ಜನ ದಾರಿ ತಪ್ಪುತ್ತಿದ್ದಾರೆಂದು ದೂರು ಬಂದರೆ ಆಡಳಿತದವರು ಮೊದಲು ಇನ್ನೊಂದು ಬೋರ್ಡು ತೂಗುಹಾಕಿಸುತ್ತಾರೆ. ತೊಡಕು ಬಹಳ ಸಲ ಇರುವುದು ಹೆಸರಿನಲ್ಲಿ. ವೈದ್ಯರು ಚೀಟಿಯಲ್ಲಿ 'ಯುಎಸ್‌ಜಿ' (ಅಲ್ಟ್ರಾಸೌಂಡ್) ಎಂದು ಗೀಚುತ್ತಾರೆ, ಬಿಲ್ಲಿನ ಕೌಂಟರಿನವರು 'ಸ್ಕ್ಯಾನಿಂಗ್‌ಗೆ ಹೋಗಿ' ಅನ್ನುತ್ತಾರೆ, ಬಾಣದ ಪಕ್ಕದಲ್ಲಿ 'ರೇಡಿಯಾಲಜಿ' ಎಂದಿರುತ್ತದೆ. ಮೂರೂ ಒಂದೇ ಜಾಗವೆಂದು ಹೊಸಬರಿಗೆ ಹೇಗೆ ತಿಳಿಯಬೇಕು? ಚೀಟಿ, ಬಿಲ್ಲು, ಬೋರ್ಡು, ಬಾಯಿಮಾತು ನಾಲ್ಕರಲ್ಲೂ ಒಂದೇ ಹೆಸರು ನಿಲ್ಲುವವರೆಗೆ ಪೇಂಟರನ್ನು ಕರೆಸಬೇಡಿ. 'ನೆಫ್ರಾಲಜಿ'ಗಿಂತ 'ಕಿಡ್ನಿ ವಿಭಾಗ' ವಾಸಿ, ಜೊತೆಗೆ 'ಬಿ-214' ಎಂಬ ನಂಬರಿದ್ದರೆ ಇನ್ನೂ ವಾಸಿ.

ನಂಬರೂ ಕೈಕೊಡುತ್ತದೆ. ದೊಡ್ಡ ಆಸ್ಪತ್ರೆಗಳು ಬ್ಲಾಕಿಗೆ ಬ್ಲಾಕು ಸೇರಿಸುತ್ತಾ ಬೆಳೆದವು. ಹಳೆ ಕಟ್ಟಡದಲ್ಲಿ ನೆಲಮಹಡಿ 0, ಹೊಸದರಲ್ಲಿ 1 ಆಗಿದ್ದರೆ, 2ನೇ ಮಹಡಿಯಿಂದ ಸೇತುವೆ ದಾಟಿದವರು ಒಂದು ಮೆಟ್ಟಿಲೂ ಹತ್ತದೆ 3ನೇ ಮಹಡಿಯಲ್ಲಿರುತ್ತಾರೆ. ಲಿಫ್ಟಿನೊಳಗಿನ ಗುಂಡಿಯ ನಂಬರೇ ಚೀಟಿಯಲ್ಲೂ ಇರಬೇಕು.

ನೆಲದ ಮೇಲಿನ ಬಣ್ಣದ ಗೆರೆಗಳು ಮೂರ್ನಾಲ್ಕು ದಾರಿಗಳಿಗೆ ಚೆನ್ನಾಗಿ ನಡೆಯುತ್ತವೆ. ಏಳೆಂಟಾದರೆ ನೇರಳೆ ಯಾವುದು, ನೀಲಿ ಯಾವುದು ಎಂದು ಬಗ್ಗಿ ನೋಡಬೇಕಾಗುತ್ತದೆ. ಕೆಂಪು-ಹಸಿರು ಬೇರೆ ಮಾಡಲಾಗದ ಗಂಡಸರೂ ಕಡಿಮೆಯೇನಿಲ್ಲ, ಹಾಗಾಗಿ ಗೆರೆಯ ಮೇಲೆ ಅಕ್ಷರವನ್ನೂ ಬರೆಯಿರಿ. ಲಿಫ್ಟಿನ ಬಾಗಿಲಲ್ಲಿ ಗೆರೆ ಕಡಿದುಹೋಗುತ್ತದೆ; ಮೇಲೆ ಇಳಿದ ಕೂಡಲೇ ಅದೇ ಬಣ್ಣ ಮತ್ತೆ ಕಾಣಬೇಕು.

'ನೀವು ಇಲ್ಲಿದ್ದೀರಿ' ನಕ್ಷೆಯಲ್ಲಂತೂ ಉತ್ತರ ದಿಕ್ಕನ್ನು ಮೇಲಿಡುವ ಚಟ ಹೋಗಿಯೇ ಇಲ್ಲ. ಓದುವವರ ಕಣ್ಣೆದುರು ಇರುವುದು ನಕ್ಷೆಯ ಮೇಲ್ತುದಿಯಲ್ಲಿರಬೇಕು, ಬಲಗೈ ಕಡೆಯದು ಬಲಕ್ಕೆ. ಒಂದೇ ನಕ್ಷೆಯನ್ನು ಎದುರುಬದುರು ಗೋಡೆಗಳಿಗೆ ಅಂಟಿಸಿದರೆ ಒಂದು ಕಡೆ ಎಡ-ಬಲ ಅದಲುಬದಲಾಗುತ್ತದೆ.

ಬಾಣಗಳು ತಿರುವಿಗೆ ಮೊದಲೇ ಕಾಣಬೇಕು. ತಿರುವಿಲ್ಲದ ಉದ್ದನೆಯ ಕಾರಿಡಾರಿನ ನಡುವೆಯೂ ಒಂದಿರಲಿ, ಇಲ್ಲದಿದ್ದರೆ 'ದಾಟಿಬಂದೆನೇನೋ' ಎಂದು ಅರ್ಧದಲ್ಲೇ ಹಿಂತಿರುಗುತ್ತಾರೆ. ವಾಪಸು ದಾರಿಯನ್ನು ಮಾತ್ರ ಯಾರೂ ನೆನೆಸಿಕೊಳ್ಳುವುದಿಲ್ಲ: ವಾರ್ಡಿನಿಂದ ಹೊರಬಂದವರಿಗೆ ಬೇಕಾದದ್ದು ಲಿಫ್ಟು, ಔಷಧಿ ಅಂಗಡಿ, ಹೊರಬಾಗಿಲು.

ಬೋರ್ಡುಗಳನ್ನು ಪರೀಕ್ಷಿಸಲು ಖರ್ಚಿಲ್ಲ. ಆ ಕಟ್ಟಡವನ್ನೇ ನೋಡದ ಒಬ್ಬರ ಕೈಗೆ ನಿಜವಾದ ಚೀಟಿ ಕೊಟ್ಟು, ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಬಾಯಿ ಬಿಡಬೇಡಿ. ಅವರು ನಿಂತಲ್ಲೆಲ್ಲ, ಯಾರನ್ನಾದರೂ ಕೇಳಿದಲ್ಲೆಲ್ಲ ನಕ್ಷೆಯಲ್ಲೊಂದು ಚುಕ್ಕೆ ಇಡಿ. ಐದಾರು ಜನರನ್ನು ಹೀಗೆ ನಡೆಸಿದರೆ ಚುಕ್ಕೆಗಳು ಎಲ್ಲಿ ಗುಂಪುಗೂಡುತ್ತವೆಂದು ಕಾಣುತ್ತದೆ. ಹಲವು ಕಡೆ ಅಲ್ಲಿ ಬೋರ್ಡು ಆಗಲೇ ಇರುತ್ತದೆ, ಯಾರೋ ಅಂಟಿಸಿದ ನೋಟಿಸಿನ ಹಿಂದೆ.