ಕಾಕಾನ ತಕರಾರು, ಕ್ಯಾಲೆಂಡರ್ ಹಿಂದಿನ ಲೆಕ್ಕ

ಏಪ್ರಿಲ್ 12, 2025, ಶನಿವಾರ
ಕಲಬುರಗಿ

ಸಂಜೆ ಆರಾದರೂ ಝಳ ಇಳಿದಿರಲಿಲ್ಲ. ಮಾಳಿಗೆ ಮೇಲೆ ನೀರು ಹೊಡೆದು ಕೂತಿದ್ದೆವು. ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ ಅಲ್ವಾ, ಕಾಕಾ ಹಳೇ ತಕರಾರು ತೆಗೆದರು. "ಕೊರೋನಾದಾಗ ಕಡಿಕಡಿಗೆ ಸೂಜಿ ಹಾಕಿಸ್ಕೊಂಡವರೇ ಜಾಸ್ತಿ ದವಾಖಾನಿ ಸೇರಿದ್ರಂತಲ್ಲೋ ತಮ್ಮಾ. ಮತ್ತ ಸೂಜಿ ಯಾತಕ್ಕ?"

ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಲೆಕ್ಕ ಹಾಕಿದೆ. ಅಂಕಿ ನಾನೇ ಹಿಡಿದದ್ದು. ಮುದುಕರು 1000. ಅವರಲ್ಲಿ 900 ಜನ ಲಸಿಕೆ ಹಾಕಿಸಿಕೊಂಡವರು, 18 ಮಂದಿ ದವಾಖಾನೆಗೆ. ಹಾಕಿಸದ 100ರಲ್ಲಿ 10. ಹರೆಯದವರೂ 1000, ಅರ್ಧಕ್ಕರ್ಧ ಲಸಿಕೆ. ಹಾಕಿಸಿಕೊಂಡವರಲ್ಲಿ 1, ಹಾಕಿಸದವರಲ್ಲಿ 5.

ಎಲ್ಲಾ ಕೂಡಿಸಿದರೆ ಲಸಿಕೆಯವರು 19, ಇಲ್ಲದವರು 15. "ನೋಡು, ನಾ ಹೇಳಿದ್ದೇ ಖರೆ!" ಕಾಕಾಗೆ ಖುಷಿ.

ಆದರೆ ಮುದುಕರನ್ನಷ್ಟೇ ನೋಡಿದರೆ ನೂರಕ್ಕೆ 10 ಇದ್ದದ್ದು 2ಕ್ಕೆ ಇಳಿದಿದೆ. ಅಂದರೆ ಶೇ 80 ರಕ್ಷಣೆ. ಹರೆಯದವರಲ್ಲೂ ಶೇ 80. ಎರಡನ್ನೂ ಕಲಸಿ, ಲಸಿಕೆಯ 1400ರಲ್ಲಿ 19, ಇಲ್ಲದ 600ರಲ್ಲಿ 15 ಅಂತ ಲೆಕ್ಕ ಹಾಕಿದರೆ ಮಾತ್ರ ಶೇ 46! ಅಪಾಯ ಜಾಸ್ತಿ ಇದ್ದವರೇ ಜಾಸ್ತಿ ಲಸಿಕೆ ಹಾಕಿಸಿಕೊಂಡಿದ್ದರಿಂದ ಈ ಗೊಂದಲ. 2021ರ ಮಾರ್ಚ್ 1ಕ್ಕೆ 60 ದಾಟಿದವರಿಗೆ ಶುರುವಾದದ್ದು, 18 ದಾಟಿದವರಿಗೆ ಬಂದದ್ದು ಮೇ 1ಕ್ಕೆ. ದೇಶದ ಮೊದಲ ಕೊರೋನಾ ಸಾವು ನಮ್ಮೂರಿನವರದೇ, 76 ವರ್ಷದ ಹಿರಿಯರು. ವಯಸ್ಸು ಬಿಟ್ಟು ಈ ಲೆಕ್ಕ ಹಾಕೋದು ಹೇಗೆ?

ಕಾಕಾ ಸ್ವಲ್ಪ ಹೊತ್ತು ಹಾಳೆ ನೋಡಿದರು. "ಅಂದ್ರ, ಗಿಡ ಒಣಗಿಸೋ ನೆಟಿ ರೋಗ ಬೀಳೋ ಹೊಲದ ತೊಗರಿಗಷ್ಟೇ ಬೀಜೋಪಚಾರ ಮಾಡಿ, ಆಮ್ಯಾಲ ಉಪಚಾರ ಮಾಡಿದ ಹೊಲದಾಗೇ ನೆಟಿ ಜಾಸ್ತಿ ಅಂತ ಔಷಧಿ ಬೈದಂಗ."

ನಾಲ್ಕು ಕ್ಲಾಸಲ್ಲಿ ನಾನು ಹೇಳಲಾಗದ್ದನ್ನು ಒಂದೇ ಮಾತಲ್ಲಿ ಹೇಳಿಬಿಟ್ಟರು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆದರೆ ನನ್ನ ಹಾಳೆಯಲ್ಲೂ ಒಂದು ಸುಳ್ಳಿದೆ. ಎರಡೂ ಗುಂಪಿಗೆ ಶೇ 80 ಅಂತ ಸುಮ್ನೆ ಹಿಡಿದೆ. ವಯಸ್ಸಾದ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸೋದಿಲ್ಲ. ಮೇಲಾಗಿ ಅವರು ಮೊದಲೇ ಹಾಕಿಸಿಕೊಂಡವರು, ರಕ್ಷಣೆ ಇಳಿಯೋದೂ ಮೊದಲೇ. ಹಾಗಾಗಿ ಒಳ್ಳೆ ಲೆಕ್ಕದಲ್ಲಿ ವಯಸ್ಸಿನ ಜೊತೆಗೆ ಡೋಸ್ ಆಗಿ ಎಷ್ಟು ತಿಂಗಳಾಯಿತು ಅನ್ನೋದನ್ನೂ ಬೇರೆ ಬೇರೆ ಮಾಡಿಡಬೇಕು.

"ನಂದು ಯಾವಾಗ ಆಗಿತ್ತು?" ಅಂದರು ಕಾಕಾ. ಕಾಕು ಟ್ರೆಜರಿ ಬೀರು ತೆಗೆದು ಲ್ಯಾಮಿನೇಟ್ ಮಾಡಿಸಿಟ್ಟ ಸರ್ಟಿಫಿಕೇಟ್ ತಂದರು. ತಾರೀಖಿನ ಮೇಲೆ ಸರಿಯಾಗಿ ಅರಿಶಿನದ ಕಲೆ.