ಸಾಂಬ್ರಾದಿಂದ ಹಾರುವವನ ನಿಷ್ಠೆ

ಕಳೆದ ತಿಂಗಳು ಬೆಂಗಳೂರಿನಿಂದ ಊರಿಗೆ ಮರಳುವಾಗ ವಿಮಾನ ಸಂಸ್ಥೆಯ ಸಿಬ್ಬಂದಿ, ಆಗಾಗ ಹಾರುವವರಿಗೆ ಅಂಕ ಮತ್ತು ಶ್ರೇಣಿ ಕೊಡುವ ತಮ್ಮ ಯೋಜನೆಯ ಮೇಲಿನ ಶ್ರೇಣಿಯ ಸದಸ್ಯರನ್ನು ಮೊದಲು ಕರೆದರು. ಆ ಶ್ರೇಣಿಗೆ ಈ ವರ್ಷ ನಾನೂ ಸೇರಿದ್ದರಿಂದ, ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ದಾಟಿ, ತುಸು ಸಂಕೋಚದಿಂದಲೂ ತುಸು ಹೆಮ್ಮೆಯಿಂದಲೂ ವಿಮಾನದ ಬಳಿಗೆ ಒಯ್ಯುವ ಬಸ್ಸನ್ನು ಎಲ್ಲರಿಗಿಂತ ಮುಂಚೆ ಹತ್ತಿದೆ. ಬಸ್ಸು ತುಂಬುವವರೆಗೆ ಹೊರಡಲಿಲ್ಲ. ಹಿಂದಿನಿಂದ ಜನ ಬಂದಂತೆಲ್ಲ ಒಳಗೊಳಗೆ ಸರಿದು ನಾನು ಎದುರಿನ ಗಾಜಿಗೆ ಅಂಟಿಕೊಂಡೆ. ಕೊನೆಗೆ ಓಡೋಡಿ ಬಂದವರು ಬಾಗಿಲ ಬಳಿ ನಿಂತರು. ಎಟಿಆರ್ ಎಂಬ ಸಣ್ಣ ವಿಮಾನದ ಮೆಟ್ಟಿಲ ಹತ್ತಿರ ಬಸ್ಸು ನಿಂತಾಗ ಮೊದಲು ಇಳಿದವರು ಅವರೇ, ತಲೆಯ ಮೇಲಿನ ಗೂಡುಗಳಲ್ಲಿ ಚೀಲ ತುಂಬಿದವರೂ ಅವರೇ. ನನ್ನ ಚೀಲ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ತಲುಪುವವರೆಗೆ ನನ್ನ ಕಾಲುಗಳ ನಡುವೆಯೇ ಇತ್ತು.

ಉದ್ಯಮಬಾಗದ ಒಂದು ಫೌಂಡ್ರಿಯ ಮಾರಾಟ ವಿಭಾಗದಲ್ಲಿರುವ ನಾನು ಎರಕದ ಬಿಡಿಭಾಗಗಳ ಆರ್ಡರು ಹಿಡಿದು ವರ್ಷವಿಡೀ ತಿರುಗುವವನು. ಗ್ರಾಹಕರಲ್ಲಿ ಯಾರಿಗೆ ಎಷ್ಟು ಸವಲತ್ತು ಕೊಡಬೇಕೆಂಬ ಲೆಕ್ಕ ನನ್ನ ದಿನನಿತ್ಯದ ಕೆಲಸವೇ ಆಗಿರುವುದರಿಂದ, ಅಂದು ಒಂದು ಗಂಟೆಯ ಹಾರಾಟದಲ್ಲಿ ಒಂದೇ ಪ್ರಶ್ನೆ ಕಾಡಿತು: ಈ ಸಂಸ್ಥೆ ನನ್ನಲ್ಲಿ ಯಾವ ಬೆಲೆಯನ್ನು ಕಂಡು ಈ ಶ್ರೇಣಿಯನ್ನು ಕೊಟ್ಟಿದೆ?

ಈ ಯೋಜನೆಗಳ ಹುಟ್ಟು ತಿಳಿದರೆ ಪ್ರಶ್ನೆ ಸ್ವಲ್ಪ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ 1978ರ ಕಾನೂನು ವಿಮಾನ ದರಗಳ ಮೇಲಿನ ಸರ್ಕಾರದ ಹಿಡಿತವನ್ನು ತೆಗೆದುಹಾಕಿದ ಮೇಲೆ ಎಲ್ಲ ಸಂಸ್ಥೆಗಳೂ ದರ ಇಳಿಸುವ ಜಿದ್ದಿಗೆ ಬಿದ್ದವು; ಆಗ ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಿನಲ್ಲಿ ಎಎಡ್ವಾಂಟೇಜ್ ಯೋಜನೆಯನ್ನು ಆರಂಭಿಸಿತು, ಕೆಲವೇ ದಿನಗಳಲ್ಲಿ ಯುನೈಟೆಡ್ ಅದರ ಬೆನ್ನು ಹತ್ತಿತು. ಹಾರಿದ ಮೈಲಿಗೆ ತಕ್ಕಂತೆ ಅಂಕ, ಅಂಕಕ್ಕೆ ತಕ್ಕಂತೆ ಬಿಟ್ಟಿ ಟಿಕೆಟ್ಟು. ಇದರೊಳಗಿನ ಜಾಣತನವನ್ನು ನನ್ನಂಥ ನೌಕರರು ಚೆನ್ನಾಗಿ ಬಲ್ಲರು: ಟಿಕೆಟ್ಟಿನ ಹಣ ಕಂಪನಿಯದು, ಅಂಕ ಮಾತ್ರ ನೌಕರನದು. ದರ ಐನೂರು ರೂಪಾಯಿ ಹೆಚ್ಚಿದ್ದರೂ ಅಂಕ ಸಿಗುವ ವಿಮಾನವನ್ನೇ ಹುಡುಕುವಂತೆ ಮಾಡುವ ಈ ಏರ್ಪಾಡನ್ನು, ನಮ್ಮ ಮಾಲೀಕರು ಪಕ್ಕದಲ್ಲಿಲ್ಲದಾಗ, ನಾನು ಲಂಚಕ್ಕೆ ಹೋಲಿಸಿದ್ದೂ ಉಂಟು.

ಆದರೆ ಮೈಲಿಯ ಅಳತೆಯಲ್ಲಿ ಒಂದು ದೋಷವಿತ್ತು. ದೂರಕ್ಕೂ ದುಡ್ಡಿಗೂ ನೇರ ಸಂಬಂಧವಿಲ್ಲ. ಹಿಂದಿನ ದಿನ ಅವಸರದಲ್ಲಿ ಕೊಂಡ ಬೆಂಗಳೂರಿನ ಟಿಕೆಟ್ಟು, ಎರಡು ತಿಂಗಳು ಮೊದಲೇ ಕೊಂಡ ದೆಹಲಿಯ ಟಿಕೆಟ್ಟಿಗಿಂತ ನನಗೆ ದುಬಾರಿ ಬಿದ್ದದ್ದಿದೆ. ಮೈಲಿ ಎಣಿಸಿದರೆ ದೆಹಲಿಗೆ ಹೋದವನೇ ದೊಡ್ಡ ಗ್ರಾಹಕನಾಗುತ್ತಾನೆ. ಅಮೆರಿಕದಲ್ಲಂತೂ ವರ್ಷದ ಕೊನೆಗೆ ಅಗ್ಗದ ಟಿಕೆಟ್ಟು ಕೊಂಡು, ಯಾವ ಕೆಲಸವೂ ಇಲ್ಲದ ಊರಿಗೆ ಹೋಗಿ, ಅದೇ ದಿನ ಮರಳಿ ಶ್ರೇಣಿಯನ್ನು ಉಳಿಸಿಕೊಳ್ಳುವವರ ದಂಡೇ ಬೆಳೆದಿತ್ತು. ಹೀಗಾಗಿ ಅಲ್ಲಿನ ಸಂಸ್ಥೆಗಳು ಒಂದೊಂದಾಗಿ ಅಳತೆಗೋಲನ್ನು ಬದಲಿಸಿದವು: 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್, ದೂರವನ್ನು ಬಿಟ್ಟು ಖರ್ಚಿಗೆ ಅಂಕ ಕೊಡತೊಡಗಿದವು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಿಂದ ಒಂದು ಪೌಂಡಿಗೆ ಒಂದು ಅಂಕವೆಂದು ನಿಗದಿಪಡಿಸಿ, ಗೋಲ್ಡ್ ಶ್ರೇಣಿಗೆ 20,000 ಅಂಕಗಳ ಗೆರೆ ಎಳೆಯಿತು. ನಮ್ಮ ಏರ್ ಇಂಡಿಯಾ ಕೂಡ 2024ರಲ್ಲಿ ಖರ್ಚಿನ ಲೆಕ್ಕಕ್ಕೇ ಹೊರಳಿತು.

ಇದು ಪ್ರಾಮಾಣಿಕವಾದ ಅಳತೆ ಎಂದು ಹಲವರು ವಾದಿಸುತ್ತಾರೆ. ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ನಮ್ಮ ಫೌಂಡ್ರಿಯ ಖಾತೆ ಪುಸ್ತಕ ಅಡ್ಡ ಬರುತ್ತದೆ. ನಮ್ಮಲ್ಲಿ ಅತಿ ಹೆಚ್ಚು ಮಾಲು ಎತ್ತುವ ಗ್ರಾಹಕರು 90 ದಿನಗಳ ಉದ್ದರಿ ಕೇಳುತ್ತಾರೆ, ಪ್ಯಾಟರ್ನಿನ (ಎರಕದ ಅಚ್ಚು ಮಾಡಲು ಬೇಕಾದ ಮಾದರಿಯ) ಖರ್ಚನ್ನು ನಮ್ಮ ತಲೆಗೇ ಕಟ್ಟುತ್ತಾರೆ, ಪ್ರತಿ ಏಪ್ರಿಲ್‌ನಲ್ಲಿ ದರ ಇಳಿಸಿ ಎನ್ನುತ್ತಾರೆ. ಕೊಲ್ಲಾಪುರದ ಕಡೆಯ ಸಣ್ಣ ಪಂಪ್ ತಯಾರಕರೊಬ್ಬರು ತಿಂಗಳಿಗೆ ಒಂದು ಟೆಂಪೊ ಮಾಲು ಒಯ್ದು, ಅದೇ ವಾರ ಹಣ ಹಾಕುತ್ತಾರೆ. ಬಿಲ್ಲಿನ ಮೊತ್ತ ನೋಡಿದರೆ ಮೊದಲಿನವರು ದೊಡ್ಡವರು. ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದನ್ನು ನೋಡಿದರೆ ಎರಡನೆಯವರು ತೀರ ಹಿಂದೆ ಇರುವುದಿಲ್ಲ. ಆದರೂ ಖಾತೆ ಪುಸ್ತಕ ಹೇಳದ ಇನ್ನೊಂದು ಸಂಗತಿ ಇದೆ, ಅದೇ ಮುಖ್ಯವಾದದ್ದು: ಸವಲತ್ತು ಕೊಡದಿದ್ದರೆ ಅವರು ಬೇರೆ ಕಡೆ ಹೋಗುತ್ತಿದ್ದರೇ? ಹೇಗೂ ನಮ್ಮಲ್ಲಿಗೇ ಬರುವವರಿಗೆ ಕೊಟ್ಟ ರಿಯಾಯಿತಿ, ವ್ಯಾಪಾರದ ದೃಷ್ಟಿಯಲ್ಲಿ, ಕೈಯಿಂದ ಹೋದ ಹಣವೇ.

ಈ ಪ್ರಶ್ನೆಯನ್ನು ನನಗೇ ಅನ್ವಯಿಸಿಕೊಂಡಾಗ ನಗು ಬಂತು. ಸಾಂಬ್ರಾದಿಂದ ನನಗೆ ಬೇಕಾದ ಊರಿಗೆ, ಬೇಕಾದ ಹೊತ್ತಿಗೆ ಇರುವುದು ಬಹುತೇಕ ಒಂದೇ ವಿಮಾನ. ಅದನ್ನು ಬಿಟ್ಟರೆ ಹುಬ್ಬಳ್ಳಿಗೋ ಗೋವಾಕ್ಕೋ ಕಾರಿನಲ್ಲಿ ಹೋಗಬೇಕು. ನನ್ನದು ನಿಷ್ಠೆಯಲ್ಲ, ಅನಿವಾರ್ಯ. ಆದರೆ ಕಂಪ್ಯೂಟರಿಗೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಬೆಂಗಳೂರಿನಲ್ಲಿ ಕುಳಿತು ದೆಹಲಿಗೆ ಹೊರಡುವವನ ಮುಂದೆ ಒಂದೇ ಬೆಳಗ್ಗೆ ಹಲವು ವಿಮಾನಗಳಿರುತ್ತವೆ, ಅವನು ಅತ್ತ ಇತ್ತ ವಾಲಬಲ್ಲವನು, ಅವನಿಗೆ ಒಂದು ಲೌಂಜಿನ ಕಾಫಿಯೂ ತಕ್ಕಡಿ ತಿರುಗಿಸೀತು. ನನ್ನ ಮಟ್ಟಿಗೆ ವಿಮಾನದ ನಿಜವಾದ ಎದುರಾಳಿ ಇನ್ನೊಂದು ವಿಮಾನವಲ್ಲ, ರಾತ್ರಿಯ ಸ್ಲೀಪರ್ ಬಸ್ಸು ಮತ್ತು 2025ರ ಆಗಸ್ಟ್‌ನಿಂದ ಬೆಳಗಾವಿ ಹಾಗೂ ಬೆಂಗಳೂರಿನ ನಡುವೆ ಓಡುತ್ತಿರುವ ವಂದೇ ಭಾರತ್ ರೈಲು. ಸಾಲಿನಲ್ಲಿ ಮುಂದೆ ನಿಲ್ಲಿಸುವ ಮರ್ಯಾದೆಯಿಂದ ಆ ಸ್ಪರ್ಧೆಯಲ್ಲಿ ಗೆಲ್ಲಲಾಗದು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟರೆ ಗೆಲ್ಲಬಹುದು.

ಸವಲತ್ತುಗಳಲ್ಲಿಯೂ ಎಲ್ಲದರ ಖರ್ಚು ಒಂದೇ ಅಲ್ಲ. ಮೊದಲು ಹತ್ತಿಸುವುದಕ್ಕೆ ಸಂಸ್ಥೆಗೆ ಬಿಡಿಗಾಸೂ ತಗಲುವುದಿಲ್ಲ, ಹಾಗಾಗಿಯೇ ಅದನ್ನು ಧಾರಾಳವಾಗಿ ಹಂಚುತ್ತಾರೆ. ಧಾರಾಳವಾಗಿ ಹಂಚಿದ್ದರಿಂದಲೇ ಅದಕ್ಕೆ ಬೆಲೆ ಉಳಿಯುವುದಿಲ್ಲ. ಲೌಂಜಿನದು ಬೇರೆ ಕಥೆ, ಅಲ್ಲಿ ತಲೆಗೆ ಇಷ್ಟೆಂದು ನಿಜವಾದ ಖರ್ಚಿದೆ, ಜನ ಹೆಚ್ಚಾದರೆ ಕುರ್ಚಿಯೂ ಸಿಗದು. ಮೇಲ್ದರ್ಜೆಯ ಖಾಲಿ ಸೀಟನ್ನು ಹಿಂದೆ ಹಳೆಯ ಗ್ರಾಹಕನಿಗೆ ಪುಕ್ಕಟೆ ಕೊಡುತ್ತಿದ್ದರು, ಏಕೆಂದರೆ ಹಾರಿಹೋದ ಖಾಲಿ ಸೀಟನ್ನು ಮರುದಿನ ಮಾರಲಾಗದು. ಈಗ ಅದೇ ಸೀಟಿಗೆ ಕೊನೆಯ ಗಳಿಗೆಯಲ್ಲಿ ಮೊಬೈಲಿಗೆ ಸಂದೇಶ ಕಳಿಸಿ ಕಾಸು ಕೇಳುವ ರೂಢಿ ಬಂದಿರುವುದರಿಂದ, ಪುಕ್ಕಟೆ ಕೊಟ್ಟ ಪ್ರತಿ ಸೀಟೂ ನಷ್ಟವೆಂದು ಲೆಕ್ಕಕ್ಕೆ ಬರುತ್ತದೆ.

ಆದರೆ ಗೆರೆಯನ್ನು ಮೇಲೆ ಒಯ್ಯುವುದು ಸುಲಭದ ಕೆಲಸವಲ್ಲ. ಡೆಲ್ಟಾ 2023ರ ಸೆಪ್ಟೆಂಬರ್‌ನಲ್ಲಿ ತನ್ನ ಅತ್ಯುನ್ನತ ಡೈಮಂಡ್ ಶ್ರೇಣಿಗೆ ವರ್ಷಕ್ಕೆ 35,000 ಡಾಲರ್ ಖರ್ಚು ಬೇಕೆಂದು ಪ್ರಕಟಿಸಿದಾಗ ಸದಸ್ಯರು ಎದ್ದ ರಭಸಕ್ಕೆ, ಅದರ ಮುಖ್ಯಸ್ಥ ಎಡ್ ಬಾಸ್ಟಿಯನ್ ಅವರೇ ತಾವು ಮಿತಿ ಮೀರಿದ್ದನ್ನು ಒಪ್ಪಿಕೊಂಡು, ಮರುತಿಂಗಳೇ ಆ ಗೆರೆಯನ್ನು 28,000ಕ್ಕೆ ಇಳಿಸಬೇಕಾಯಿತು. ಕೊಟ್ಟ ಮರ್ಯಾದೆಯನ್ನು ಹಿಂದಕ್ಕೆ ಕೇಳಿದರೆ ಮದುವೆಮನೆಯಲ್ಲಿ ಮುಂದಿನ ಕುರ್ಚಿಯಿಂದ ಬೀಗರನ್ನು ಎಬ್ಬಿಸಿದಂತೆ. ಮೊದಲೇ ಕೂರಿಸದಿದ್ದರೆ ಅವರು ಅಷ್ಟು ಮುನಿಯುತ್ತಿರಲಿಲ್ಲ.

ಹಾಗಾದರೆ ಅಂಕಗಳ ವ್ಯವಹಾರ ಯಾರಿಗಾಗಿ ನಡೆದಿದೆ? ಹಾರುವವನಿಗಾಗಿ ಎನ್ನುವುದು ಈಗ ಅರ್ಧಸತ್ಯ. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಬರುವ ಅಂಕಗಳನ್ನು ಬ್ಯಾಂಕುಗಳು ವಿಮಾನ ಸಂಸ್ಥೆಗಳಿಂದ ಹಣ ಕೊಟ್ಟು ಕೊಳ್ಳುತ್ತವೆ. ಕಾರ್ಡ್ ಕಂಪನಿಯಾದ ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ ಡೆಲ್ಟಾಕ್ಕೆ 2024ರಲ್ಲಿ ಬಂದ ಹಣ ಸುಮಾರು 7.4 ಬಿಲಿಯನ್ ಡಾಲರ್. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನೆಲ ಹಿಡಿದು ನಿಂತಾಗ ಯುನೈಟೆಡ್ ಮತ್ತು ಡೆಲ್ಟಾ ಈ ಯೋಜನೆಗಳನ್ನೇ ಅಡವಿಟ್ಟು ಶತಕೋಟಿಗಟ್ಟಲೆ ಸಾಲ ಎತ್ತಿದವು. ನಮ್ಮಲ್ಲಿ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದರೂ, ಬೇರೆ ಕಂಪನಿಯಾಗಿದ್ದ ಅದರ ಜೆಟ್‌ಪ್ರಿವಿಲೇಜ್ ಯೋಜನೆ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಬದುಕಿತು. ಅಂಕಗಳು ಉಳಿದವು, ಹತ್ತಲು ವಿಮಾನವೇ ಇಲ್ಲದ ಮೇಲೆ ಮೊದಲು ಹತ್ತುವ ಮರ್ಯಾದೆ ಮಾತ್ರ ಅದೇ ದಿನ ಮುಗಿಯಿತು. ಅಂಕ ನಾಣ್ಯದಂತೆ ಕೈಯಿಂದ ಕೈಗೆ ದಾಟುತ್ತದೆ, ಶ್ರೇಣಿ ದಾಟುವುದಿಲ್ಲ. ಮನೆಯ ದಿನಸಿಯನ್ನೆಲ್ಲ ಕಾರ್ಡಿನಲ್ಲಿಯೇ ಕೊಳ್ಳುವ, ವರ್ಷಕ್ಕೊಮ್ಮೆ ಮಾತ್ರ ಹಾರುವ ನನ್ನ ಹೆಂಡತಿ, ಸಂಸ್ಥೆಯ ಗಳಿಕೆಯ ಲೆಕ್ಕದಲ್ಲಿ ನನ್ನಷ್ಟೇ ಮುಖ್ಯಳಾಗಿರಬಹುದೆಂದು ಈಗ ನನಗೆ ಅನಿಸುತ್ತಿದೆ. ಅವಳನ್ನು ಮಾತ್ರ ಯಾರೂ ಮೊದಲು ಬಸ್ಸಿಗೆ ಕರೆದಿಲ್ಲ.

ಕಳೆದ ಸೋಮವಾರ ಫೌಂಡ್ರಿಯ ಸಭೆಯಲ್ಲಿ, ಮುಂದಿನ ವರ್ಷ ವಿಶೇಷ ರಿಯಾಯಿತಿ ಪಡೆಯುವ ಗ್ರಾಹಕರ ಪಟ್ಟಿ ಚರ್ಚೆಗೆ ಬಂತು. ಪ್ರತಿ ಹೆಸರಿನ ಮುಂದೆ ಬಿಲ್ಲಿನ ಮೊತ್ತದ ಜೊತೆಗೆ, ‘ರಿಯಾಯಿತಿ ಇಲ್ಲದಿದ್ದರೆ ಹೋಗುತ್ತಾರೆಯೇ?’ ಎಂಬ ಇನ್ನೊಂದು ಕಾಲಮ್ಮನ್ನು ನಾನು ಸೇರಿಸಿದ್ದೆ. ಅದರಿಂದಾಗಿ ಎರಡು ದೊಡ್ಡ ಹೆಸರುಗಳು ಕೆಳಗಿಳಿದು, ಕೊಲ್ಲಾಪುರದ ಪಂಪಿನವರು ಪಟ್ಟಿಯೊಳಗೆ ಬಂದರು. ಮಾಲೀಕರು ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಹಂಗಾದ್ರ ವಿಮಾನದವರು ನಿನಗ ಆ ಕಾರ್ಡ್ ಯಾಕ ಕೊಟ್ಟಾರೋ?” ಎಂದು ಕೇಳಿದರು.

“ಮಾರ್ಚಿಗೆ ಮುಗೀತದ್ರಿ ಸರ,” ಎಂದೆ.