ಮಗುವಿಗೂ ಈಗಲೇ ಜೀನ್ ಟೆಸ್ಟ್ ಮಾಡಿಸಿಬಿಡೋಣವಾ?

ಮನೆತನದಲ್ಲಿ ವಂಶದಿಂದ ಬರುವ ಕಾಯಿಲೆ ಇದೆ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ: ಪಾಸಿಟಿವ್ ಬಂದರೆ ಮಗುವಿಗೆ ಈಗ ಏನು ಮಾಡುತ್ತೀರಿ?

ಕೆಲವು ಕಾಯಿಲೆಗಳಲ್ಲಿ ಇದಕ್ಕೆ ಒಳ್ಳೆಯ ಉತ್ತರ ಇದೆ. ಎಫ್‌ಎಪಿ ಅನ್ನುವ, ವಂಶದಿಂದ ಬರುವ ಕರುಳಿನ ಕಾಯಿಲೆ ಇರುವವರ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ (ಸಣ್ಣ ಗಂಟುಗಳು) ಬೆಳೆಯುತ್ತವೆ. ಸುಮ್ನೆ ಬಿಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾನ್ಸರ್ ಆಗುತ್ತದೆ. ಅದಕ್ಕೇ 10–12ನೇ ವಯಸ್ಸಿನಿಂದಲೇ ಕರುಳಿಗೆ ಕ್ಯಾಮೆರಾ ಹಾಕಿ ನೋಡುತ್ತಾರೆ. ಆ ಜೀನ್ ದೋಷ ಮಗುವಿಗೆ ಬಂದಿಲ್ಲ ಅಂತ ತಿಳಿದರೆ ಹೊಟ್ಟೆ ಖಾಲಿ ಮಾಡಿಸುವ ಔಷಧಿ, ಉಪವಾಸ, ಭಯ, ಎಲ್ಲವೂ ತಪ್ಪಿತು. ಇಲ್ಲಿ ಟೆಸ್ಟ್ ಮುಂದೂಡುವುದೇ ತಪ್ಪು. (ಕಾಯಿಲೆ ಇರುವ ಹಿರಿಯರ ಟೆಸ್ಟ್ ಮೊದಲು ಆಗಿರಬೇಕು. ಹುಡುಕಬೇಕಾದ ದೋಷ ಯಾವುದೆಂದೇ ಗೊತ್ತಿಲ್ಲದಿದ್ದರೆ ನೆಗೆಟಿವ್ ರಿಪೋರ್ಟನ್ನು ನಂಬಿ ಕೂರುವ ಹಾಗಿಲ್ಲ.)

ಮೆದುಳನ್ನು ಕಾಡುವ ಹಂಟಿಂಗ್ಟನ್ ಕಾಯಿಲೆಯ ಕಥೆ ಬೇರೆ. ಸಾಮಾನ್ಯವಾಗಿ 30ರಿಂದ 50ರ ನಡುವೆ ಶುರುವಾಗುತ್ತದೆ. ಕೈಕಾಲು ಹಿಡಿತ ತಪ್ಪುತ್ತವೆ, ಬುದ್ಧಿ ಮಂಕಾಗುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಜೀನ್ ಸಿಕ್ಕಿದ್ದು 1993ರಲ್ಲಿ. ಕಾಯಿಲೆಯನ್ನು ತಡೆಯುವ ಔಷಧಿ ಇನ್ನೂ ಇಲ್ಲ. ಈ ಅಪಾಯದಲ್ಲಿರುವ ದೊಡ್ಡವರಲ್ಲೇ ಜಾಸ್ತಿ ಜನ ಟೆಸ್ಟ್ ಬೇಡ ಅಂತಾರೆ. ಹಾಗಿರುವಾಗ ಐದು ವರ್ಷದ ಮಗುವಿನ ಪರವಾಗಿ ನಾವು ಹೇಗೆ ‘ಬೇಕು’ ಅನ್ನುವುದು?

ರಿಪೋರ್ಟನ್ನು ಬೀರುವಿನಲ್ಲಿ ಬಚ್ಚಿಟ್ಟರೂ ಅದು ಮನೆಯಲ್ಲಿ ಓಡಾಡುತ್ತಿರುತ್ತದೆ. ಮಗು ಲೋಟ ಬೀಳಿಸಿದರೆ ಅಮ್ಮನ ಕಣ್ಣು ಲೋಟದ ಮೇಲಲ್ಲ, ಅದರ ಕೈಯ ಮೇಲೆ. ಅಣ್ಣನಿಗೆ ಇಲ್ಲ, ತಂಗಿಗೆ ಇದೆ ಅಂತಾದರೆ ಇಬ್ಬರನ್ನೂ ಒಂದೇ ರೀತಿ ಬೆಳೆಸುವುದು ಎಷ್ಟು ಕಷ್ಟ!

‘ನಮಗೆ ನೆಮ್ಮದಿ ಸಿಗುತ್ತಲ್ವಾ?’ ಅಂತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ನೆಮ್ಮದಿ ನಿಮ್ಮದು, ಬದುಕು ಮಗುವಿನದು. ದೊಡ್ಡವರಾದ ಮೇಲೆ ಬರುವ ಕಾಯಿಲೆಗೆ, ಬಾಲ್ಯದಲ್ಲಿ ಮಾಡುವಂಥದ್ದು ಏನೂ ಇಲ್ಲದಿದ್ದರೆ, ಸಾಮಾನ್ಯವಾಗಿ ಕಾಯಿರಿ ಅಂತಲೇ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ 2013ರಲ್ಲಿ ಹೇಳಿತು. ಸ್ತನ ಕ್ಯಾನ್ಸರಿನ ಅಪಾಯ ತಿಳಿಸುವ ಬಿಆರ್‌ಸಿಎ ಟೆಸ್ಟಿಗೂ ಇದೇ ಮಾತು.

ಮಗುವಿನಲ್ಲಿ ಲಕ್ಷಣಗಳು ಕಾಣಿಸಿದ್ದರೆ ಈ ವಾದವೆಲ್ಲ ಬೇಡ. ಆಗ ಅದು ಚಿಕಿತ್ಸೆಯ ವಿಷಯ.

ಹದಿನಾರರ ಹುಡುಗಿ ತಾನಾಗಿಯೇ ಬಂದು ಕೇಳಿದರೆ? ಅವಳನ್ನು ‘ಆಮೇಲೆ ನೋಡೋಣ’ ಅಂತ ವಾಪಸ್ ಕಳಿಸಬಾರದು. ಅಪ್ಪ ಅಮ್ಮ ಹೊರಗೆ ಕೂರಲಿ. ಯಾಕೆ ಬೇಕು, ಯಾರಾದರೂ ಒತ್ತಾಯ ಮಾಡಿದರಾ, ಫಲಿತಾಂಶ ಬಂದ ರಾತ್ರಿ ಯಾರ ಜೊತೆ ಇರುತ್ತೀಯ ಅಂತ ಅವಳನ್ನೇ ಕೇಳಬೇಕು.